ಕಟಕಟೆಗೊಂದು ಮರೆ

ಊಟದ ಬಿಡುವಿನಲ್ಲಿ ನ್ಯಾಯಾಲಯ ಖಾಲಿಯಾಗಿತ್ತು. ನನ್ನ ಸರದಿಗೆ ಕಾಯುತ್ತ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬಡಗಿಯೊಬ್ಬ ಸಾಕ್ಷಿಯ ಕಟಕಟೆಯ ಪಕ್ಕ ಹಲಗೆಯ ಮರೆ ನಿಲ್ಲಿಸುತ್ತಿದ್ದ. ಬುತ್ತಿ ತಂದ ಅವನ ಅಕ್ಕ ಕೇಳಿದಳು:

"ಇದ್ಯಾಕೋ ಇಲ್ಲಿ?"

"ಹೊಸ ಕಾನೂನಕ್ಕ. ಸಾಕ್ಷಿ ಹೇಳೋ ಹೆಂಗಸರಿಗೆ ಆರೋಪಿ ಮುಖ ಕಾಣಬಾರದಂತೆ."

"ನನ್ನ ಕೇಸಲ್ಲೂ ಇದು ಇದ್ದಿದ್ರೆ..."

"ಅವತ್ತು ನಿಜ ಹೇಳ್ಬಿಡ್ತಿದ್ಯಾ?"

"ಹೇಳ್ಬೇಕು ಅಂತಾನೇ ಬಂದಿದ್ದೆ ಕಣೋ. ನಿಮ್ಮ ಭಾವ ಎದುರಿಗೆ ನಿಂತು ಒಂದ್ಸಲ ನೋಡಿದ್ರು. ‘ಹೊಡೆದಿಲ್ಲ, ಜಾರಿಬಿದ್ದೆ’ ಅಂದ್ಬಿಟ್ಟೆ."

"ನಾನೂ ಸಿಟ್ಟಲ್ಲಿ ನಿನ್ನ ಜೊತೆ ಮಾತು ಬಿಟ್ಟೆ. ಬಿಡಬಾರ್ದಿತ್ತು."

ಅವಳು ಮೆಲ್ಲಗೆ ಕಟಕಟೆ ಹತ್ತಿ ನಿಂತು ನೋಡಿದಳು.

"ಇನ್ನೊಂದು ಗೇಣು ಏರಿಸೋ. ಅವರು ಎತ್ತರ. ಮೇಲಿಂದ ಕಾಣ್ತಾರೆ."

ಬಡಗಿ ಇನ್ನೊಂದು ಹಲಗೆ ತರಲು ಹೊರಟ. ಅಕ್ಕ ಬುತ್ತಿ ಹಿಡಿದು ಹಿಂದೆಯೇ ನಡೆದಳು.