ಹೂಜಿಯ ನೀರು

…ನಗ್ತೀರಾ? ನಗಿ ಪಂಡಿತರೇ, ನಗಿ. ಈ ಹಮ್ದಾನ್ ತಮಾಷೆ ಮಾಡ್ತಿದಾನೆ ಅಂದ್ಕೊಂಡ್ರಿ. ಇಲ್ಲ! ಹೋದ ಚಳಿಗಾಲದಲ್ಲಿ ಜ್ವರ ಬಂದು ಬಡಬಡಿಸ್ತಾ ಬಿದ್ದಿದ್ರಲ್ಲ, ಆಗ ನೀವು ಕುಡಿದದ್ದು ನನ್ನ ಹೂಜಿಯ ನೀರು. ನಾನೇ ತಲೆ ಎತ್ತಿ ಹಿಡಿದು ಕುಡಿಸಿದೆ.

ಅಲ್ಲ… ಗಂಟು ಕಟ್ಟೋದು ಯಾಕೆ ನಿಲ್ಲಿಸಿದ್ರಿ? ಒಂಟೆಗಳು ಹೊರಡೋ ಹೊತ್ತಾಯ್ತು. ಸೆರೆಯಿಂದ ಬಿಟ್ಟಿದ್ದಾರೆ, ಮುಲ್ತಾನಿಗೆ ಹೋಗಿ, ಹೆಂಡತಿ ಮಕ್ಕಳ ಮುಖ ನೋಡಿ. ಒಂದು ಗುಟುಕು ನೀರಿಗೆ ಹೀಗಾ!

ಇದೇ… ಇದೇ ನೋಡಿ ನಿಮ್ಮವರಲ್ಲಿ ನನಗೆ ಹೇಸಿಗೆ ಹುಟ್ಟಿಸೋದು. ನಮ್ಮವರೇನು ಕಡಿಮೆಯಾ? ಊರು ಸುಟ್ಟು, ಗುಡಿ ಒಡೆದು, ಚಿನ್ನ ಹೇರ್ಕೊಂಡು ಬಂದು, ಹಿಂದೂಗಳು ನಮ್ಮನ್ನ ಯಾಕೆ ದ್ವೇಷಿಸ್ತಾರೋ ಅಂತ ಮಸೀದಿ ಮೆಟ್ಟಿಲ ಮೇಲೆ ಕೂತು ಆಶ್ಚರ್ಯಪಡ್ತಾರೆ. ಕತ್ತೆಗಳು! ಈ ಘಜನಿಯಲ್ಲಿ ನಿಮ್ಮ ಸಂಸ್ಕೃತ ಓದಿದ ಮುಸಲ್ಮಾನ ನಾನೊಬ್ಬನೇ. ಅದಕ್ಕೆ ನೀವು ಮಾಡಿದ ಮರ್ಯಾದೆ ಏನು? ಗ್ರಹಣದ ಲೆಕ್ಕ ಹೇಳಿಕೊಟ್ಟಿರಿ. ಪ್ರತಿ ಸಲ ಪಾಠ ಮುಗಿಸಿ ನಾನು ಎದ್ದ ಕೂಡಲೇ ಕೂತ ಜಾಗಕ್ಕೆ ನೀರು ಚಿಮುಕಿಸ್ತಿದ್ರಿ. ನನ್ನ ಕಣ್ಣೆದುರೇ! ಚಂದ್ರನ ಮೇಲೆ ಬೀಳೋದು ಭೂಮಿಯ ನೆರಳು ಅಂತ ಬಲ್ಲ ಮನುಷ್ಯ, ನನ್ನ ನೆರಳಿಗೆ ಹೆದರೋದು! ನಿಮ್ಮವರ ಬಗ್ಗೆ ನಾನು ಬರೀತಿರೋ ಪುಸ್ತಕದಲ್ಲಿ ಇದನ್ನೂ ಬರೆದಿದೀನಿ, ಬಿಡೋದಿಲ್ಲ.

ಏನು ತಲೆ ಆಡಿಸ್ತೀರಿ? ಯಾರಿಗೆ ಗೊತ್ತಾಗುತ್ತೆ? ಊರವರು ಆಣೆ ಹಾಕಿಸಿ ಕೇಳ್ತಾರೆ, ಮ್ಲೇಚ್ಛರ ಅನ್ನ ನೀರು ಮುಟ್ಟಿದೆಯಾ ಅಂತ. ಕೇಳಲಿ. ಇಲ್ಲ ಅನ್ನಿ… ಹೌದು, ಹೌದು, ನೀವು ಸುಳ್ಳು ಹೇಳೋರಲ್ಲ, ಗೊತ್ತು. ಇಷ್ಟು ವರ್ಷ ಹೊಗೆ ಕುಡಿದು ನೀವೇ ಒಲೆ ಊದಿ ಬೇಯಿಸ್ಕೊಂಡ್ರಿ. ಮನೆಯವರು ಒಳಗೆ ಸೇರಿಸಲಿ ಅಂತ ತಾನೇ?

ಆ ಗೋಡೆ ಕಡೆ ಯಾಕೆ ನೋಡ್ತೀರಿ? ಅದರಾಚೆ ಸುಲ್ತಾನರ ಹಿಂದೂ ಸಿಪಾಯಿಗಳ ಬೀಡು, ನನಗೂ ಗೊತ್ತು. ಅಲ್ಲೊಬ್ಬ ಬ್ರಾಹ್ಮಣ ಅಡಿಗೆಯವನಿದ್ದ, ಅದೂ ಗೊತ್ತು. ಕೂಗಿದ್ರೆ ನೀರು ತರ್ತಿದ್ದ… ಕೂಗೋಕೆ ಹೊತ್ತೆಲ್ಲಿತ್ತು? ನಿಮ್ಮ ನಾಲಿಗೆ ಒಣಗಿ… ಹಾಗೆ ನೋಡಬೇಡಿ. ರಾತ್ರಿಯಿಡೀ ಪಕ್ಕದಲ್ಲೇ ಇದ್ದೆ ನಾನು! ಹೊತ್ತಿತ್ತು ಅಂತೀರಾ?

ಈಗ ನಾವು ಓದ್ತಿದ್ದ ಸಂಸ್ಕೃತ ಪುಸ್ತಕ ಯಾಕೆ ನೋಡ್ತೀರಿ? ಅರ್ಧ ಆಗಿದೆ, ಹೌದು. ನೀವು ಹೋದರೆ ಉಳಿದರ್ಧ ನನಗೆ ಯಾರು ಬಿಡಿಸಿ ಹೇಳ್ತಾರೆ ಅಂತ ಯಾವತ್ತಾದರೂ ಯೋಚಿಸಿದ್ರಾ? ಇಲ್ಲ! ಗಂಟು, ಒಂಟೆ, ಊರು… ಅಷ್ಟೇ ಯೋಚನೆ.

ಏನಾದರೂ ಅನ್ನಿ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವನು ಒಂಟೆ ಹೊರಡೋ ಹೊತ್ತಿಗೆ ಯಾಕೆ ಹೇಳಿದೆ ಅಂತ ಕೇಳಿ. ಕೇಳಲ್ವಾ?

…ಗಂಟು ಬಿಚ್ತಿದೀರಾ? ಒಳ್ಳೇದು. ಬುದ್ಧಿ ಬಂತು. ಗಂಟೆ ಸದ್ದು ಕೇಳಿಸ್ತಲ್ಲ, ಒಂಟೆಗಳು ಹೋದವು. ಹೋಗಲಿ ಬಿಡಿ. ನಾಳೆ… ಯಾಕೆ ನಾಳೆ, ಈಗಲೇ ಕೂರೋಣ. ಇಲ್ಲಿ, ಈ ಶ್ಲೋಕ. ಈ ಪದಕ್ಕೆ ಏನರ್ಥ?

ಪಂಡಿತರೇ?

ಸರಿ, ಎದ್ದೆ. ನೋಡಿ, ಇಲ್ಲೇ ಕೂತಿದ್ದೆ, ಈ ಜಾಗದಲ್ಲೇ. ತಂಬಿಗೆ ನಿಮ್ಮ ಕೈ ಹತ್ತಿರಾನೇ ಇದೆ… ತಗೊಳ್ಳಿ. ಯಾವಾಗಲೂ ಮಾಡ್ತಿದ್ರಲ್ಲ…

ನೀರು ಚಿಮುಕಿಸಿ, ಪಂಡಿತರೇ.