ಭೂಮಿ ಅಜ್ಜನನ್ನು ಸಾರುವೆ ಹತ್ತಿಸಿದ ಬಗ್ಗೆ

ನಾನು, ಕೆ ಬಿಯುನ್, ವಯಸ್ಸು ಐವತ್ಮೂರು, ಕಸುಬು ಗುಡಿಗಳ ತೊಲೆಗೂ ಛಾವಣಿಗೂ ಚಿತ್ರ ಬರೆಯುವುದು, ಬಣ್ಣ ಕಾರ್ಮಿಕರ ಸಂಘದ ಸದಸ್ಯೆ, ವಾಸ ಯುನ್‌ಲಿನ್ ಜಿಲ್ಲೆಯ ಶಿನ್‌ವೇ ಹಳ್ಳಿ, ಸಿಂಪಿ ಚಿಪ್ಪಿನ ರಾಶಿಯ ಹಿಂದಿನ ಎರಡನೇ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಹಳ್ಳಿಯ ನೆಲ ಕಾಯುವ ದೇವರಾದ ಭೂಮಿ ಅಜ್ಜನ ಗುಡಿ ಸಮಿತಿಯ ಅಧ್ಯಕ್ಷ ತ್ಸೆಂಗ್ ವಾನ್‌ಫು ಎಂಬವರು ಇಂದು ನನ್ನ ಮೇಲೆ ಎರಡು ದೂರು ಕೊಟ್ಟಿದ್ದಾರೆ. ನಾನು ದೇವರಿಗೆ ಕುಮ್ಮಕ್ಕು ಕೊಟ್ಟು ಅವರ ಪ್ರಾಣಕ್ಕೆ ಅಪಾಯ ತಂದೆ ಎಂಬುದು ಒಂದು. ಅವರು ಎತ್ತರದಲ್ಲಿ ಸಿಕ್ಕಿಕೊಂಡಿದ್ದಾಗ ಇಳಿಸಲು ಬೇಕೆಂದೇ ತಡಮಾಡಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ಅರ್ಧ ಒಪ್ಪುತ್ತೇನೆ. ಎರಡನೆಯದನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಅದು ಅಪರಾಧವಲ್ಲ.

ಗುಡಿಯ ಮುಂದಿನ ಮೊಗಸಾಲೆಯ ಛಾವಣಿಯಲ್ಲಿ ನನ್ನ ಗುರು ಬರೆದ ಎಂಟು ಚಿತ್ರಗಳಿವೆ. ಊದುಬತ್ತಿಯ ಹೊಗೆ ಕುಡಿದು ಕುಡಿದು ಅವು ಹಂಚಿನ ತಳದ ಹಾಗಾಗಿವೆ. ಅವನ್ನು ತೊಳೆದು ಮತ್ತೆ ಬಣ್ಣ ತುಂಬುವ ಕೆಲಸವನ್ನು ಸಮಿತಿ ನನಗೂ ನನ್ನ ಜೊತೆಗಾತಿ ಶಿಯಾವ್ ಜಿನ್‌ಝುಗೂ ಒಪ್ಪಿಸಿತು. ತೊಲೆಯ ಎತ್ತರ ನೆಲದಿಂದ ಐದೂವರೆ ಮೀಟರ್. ಏಣಿಯಿಂದ ಆಗುವ ಕೆಲಸವಲ್ಲ. ದಿನವಿಡೀ ಕತ್ತು ಹಿಂದಕ್ಕೆ ಚೆಲ್ಲಿ, ಎರಡೂ ಕೈ ಮೇಲೆತ್ತಿ ಮಾಡಬೇಕು. ಹಿಡಿದುಕೊಳ್ಳಲು ಮೂರನೇ ಕೈ ಯಾರಿಗೂ ಇಲ್ಲ. ಆದ್ದರಿಂದ ಹಲಗೆಯ ಮೇಲೆ ನಿಂತು ಕೆಲಸ ಮಾಡುವ ಸಾರುವೆ ಬೇಕು, ಸಾರುವೆಗೆ ಸುತ್ತ ಕಂಬಿ ಬೇಕು ಎಂದು ಮೊದಲ ದಿನವೇ ಹೇಳಿದ್ದೆ.

ಜಿನ್‌ಝು ಹೋದ ವರ್ಷ ಬೇರೆ ಊರಿನ ಗುಡಿಯೊಂದರಲ್ಲಿ ಕಂಬಿಯಿಲ್ಲದ ಸಾರುವೆಯಿಂದ ಬಿದ್ದಳು. ಆ ಗುಡಿಯವರು ಒಂದು ಬುಟ್ಟಿ ಸೇಬು ಕಳಿಸಿ, ದೇವರ ಇಚ್ಛೆ ಎಂದರು. ಅಂದಿನಿಂದ ಅವಳ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ಈಗ ನೆಲದ ಮೇಲೆ ಕೂತು ಎಡಗೈಯಲ್ಲಿ ಬಣ್ಣ ಕಲಸುತ್ತಾಳೆ. ನಾನು ಮೇಲೆ ಹತ್ತಿದಾಗ ಅವಳು ತಲೆ ಎತ್ತಿ ನೋಡುವುದಿಲ್ಲ.

ಇಂದು ಬೆಳಿಗ್ಗೆ ಎಂಟು ಗಂಟೆಗೆ ನಾವು ಗುಡಿಗೆ ಬಂದಾಗ ಅಂಗಳದಲ್ಲಿ ಒಂದು ಸಾರುವೆ ನಿಂತಿತ್ತು. ಅದನ್ನು ತಂದವನು ಅಧ್ಯಕ್ಷರ ಹೆಂಡತಿ ಯೂಲಾನ್ ಅವರ ತಮ್ಮ ಯೌ ಬಿಂಗ್‌ಹುಯ್. ಈತ ಬಾತುಕೋಳಿ ಸಾಕುತ್ತಾನೆ. ಸಾರುವೆ ಅವನ ಬಾತುಕೋಳಿ ಕೊಟ್ಟಿಗೆಯಲ್ಲಿತ್ತು. ಅದು ನೋಡಿದರೆ ಗೊತ್ತಾಗುತ್ತಿತ್ತು, ಮೂಸಿದರೂ ಗೊತ್ತಾಗುತ್ತಿತ್ತು. ಚೌಕಟ್ಟುಗಳು ಎರಡು ಬೇರೆ ಬೇರೆ ಸಾರುವೆಗಳವು, ಒಂದರೊಳಗೊಂದು ಕೂರದ್ದಕ್ಕೆ ನಡುವೆ ರಟ್ಟು ತುರುಕಿದ್ದರು. ಓರೆ ಕಂಬಿ ಇರಬೇಕಾದ ಕಡೆ ತಂತಿ ಸುತ್ತಿತ್ತು. ನಾಲ್ಕು ಗಾಲಿಗಳಲ್ಲಿ ಎರಡಕ್ಕೆ ಬ್ರೇಕ್ ಇರಲಿಲ್ಲ, ಮೂರನೆಯದು ತಳ್ಳುಗಾಡಿಯ ಗಾಲಿ. ಮೇಲೆ ಮೂರು ಹಲಗೆ, ಸುತ್ತ ಏನೂ ಇಲ್ಲ. ನಾನು ಒಂದು ಬೆರಳಿನಿಂದ ತಳ್ಳಿದೆ. ಮೇಲಿನ ತುದಿ ನನಗೆ ತಲೆಬಾಗಿ ನಮಸ್ಕರಿಸಿತು.

ಇದನ್ನು ನಾನು ಹತ್ತುವುದಿಲ್ಲ ಎಂದೆ. ಬಿಂಗ್‌ಹುಯ್, “ಅಕ್ಕಾ, ಮೂರು ವರ್ಷದಿಂದ ನನ್ನ ಬಾತುಕೋಳಿಗಳು ಇದರ ಮೇಲೇ ಮಲಗ್ತವೆ. ಒಂದಾದ್ರೂ ಬಿದ್ದು ಸತ್ತಿಲ್ಲ” ಎಂದ. “ಅವಕ್ಕೆ ರೆಕ್ಕೆ ಇದೆಯಪ್ಪ. ನನಗೆ ಮೂವತ್ತು ವರ್ಷದ ಸೊಂಟ ನೋವಿದೆ” ಎಂದೆ.

ಅಷ್ಟರಲ್ಲಿ ನಮ್ಮ ಸಂಘದ ಲಾರಿ ಬಂತು. ಅದರಲ್ಲಿ ಸಂಘದ ಅಲ್ಯೂಮಿನಿಯಂ ಸಾರುವೆ ಇತ್ತು. ಅದಕ್ಕೆ ನಾಲ್ಕು ಮೂಲೆಗೂ ಹೊರಕ್ಕೆ ಚಾಚುವ ಆಧಾರದ ಕಾಲುಗಳಿವೆ. ಏಣಿ ಒಳಗಡೆಯಿದೆ, ಹಲಗೆಯಲ್ಲಿ ಬಾಗಿಲಿದೆ, ಹತ್ತಿದ ಮೇಲೆ ಆ ಬಾಗಿಲು ಮುಚ್ಚಿಕೊಳ್ಳಬಹುದು. ಸೊಂಟದ ಮಟ್ಟಕ್ಕೊಂದು, ಮೊಣಕಾಲ ಮಟ್ಟಕ್ಕೊಂದು ಕಂಬಿ, ಡಬ್ಬಿ ಕೆಳಗುರುಳದಂತೆ ಅಂಚಿಗೆ ಪಟ್ಟಿ. ಎಷ್ಟು ಭಾರ ತಡೆಯುತ್ತದೆ, ಯಾರು ಯಾವಾಗ ಪರೀಕ್ಷಿಸಿದರು ಎಂಬ ಚೀಟಿ ಕಾಲಿಗೆ ಕಟ್ಟಿದೆ. ಸಂಘ ಇದನ್ನು ಸುಮ್ಮನೆ ಕೊಡುತ್ತದೆ ಎಂದೂ ಅಧ್ಯಕ್ಷರಿಗೆ ಹೇಳಿದೆ. ಆದ್ದರಿಂದ ಇದು ಹಣದ ಜಗಳವಾಗಿರಲಿಲ್ಲ. ಮರ್ಯಾದೆಯ ಜಗಳವಾಗಿತ್ತು. ಬಾಮೈದ ತಂದದ್ದನ್ನು ವಾಪಸು ಕಳಿಸಿದರೆ ಮನೆಯಲ್ಲಿ ರಾತ್ರಿ ಊಟಕ್ಕೆ ಯಾರ ಮುಖ ನೋಡುವುದು ಎಂಬುದು ಅಧ್ಯಕ್ಷರ ಕಷ್ಟ. ಅದನ್ನು ಅವರು ಹೇಳಲಿಲ್ಲ. “ಅಜ್ಜನನ್ನೇ ಕೇಳೋಣ” ಎಂದರು.

ಬರೆದುಕೊಳ್ಳುತ್ತಿರುವ ಅಧಿಕಾರಿಯವರು ರಾಜಧಾನಿಯಲ್ಲಿ ಬೆಳೆದವರಾದ್ದರಿಂದ, ಅವರ ಕೋರಿಕೆಯಂತೆ ಹೇಳುವುದೇನೆಂದರೆ, ಅಜ್ಜನನ್ನು ಕೇಳುವುದು ಒಂದು ಬದಿ ಉಬ್ಬಿದ, ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಚೆಲ್ಲಿ. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಅಜ್ಜ ಒಪ್ಪಿದ. ಎರಡೂ ಬೋರಲಾದರೆ ಇಲ್ಲ. ಎರಡೂ ಅಂಗಾತವಾದರೆ ಅಜ್ಜ ನಗುತ್ತಿದ್ದಾನೆ, ಪ್ರಶ್ನೆ ಸರಿಯಿಲ್ಲ. ದೊಡ್ಡ ವಿಷಯಕ್ಕೆ ಸತತ ಮೂರು ಒಪ್ಪಿಗೆ ಬೇಕು. ಹತ್ತು ಜನರೆದುರು ಅಜ್ಜ ಒಪ್ಪಿದ್ದನ್ನು ಆಮೇಲೆ ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಅಧ್ಯಕ್ಷರು ಮಂಡಿಯೂರಿ, ಬಿಂಗ್‌ಹುಯ್ ತಂದ ಸಾರುವೆ ಸುರಕ್ಷಿತವೇ ಎಂದು ಕೇಳಿದರು. ಅಜ್ಜ ನಕ್ಕ. ಗಟ್ಟಿಯಾಗಿದೆಯೇ ಎಂದು ಕೇಳಿದರು. ಅಜ್ಜ ನಕ್ಕ. ಸುಮಾರಾಗಿ ಗಟ್ಟಿಯಾಗಿದೆಯೇ ಎಂದರು. ಅಜ್ಜ ಇಲ್ಲ ಎಂದ. ಆಗ ಯೂಲಾನ್ ಅವರು ಹಿಂದಿನಿಂದ, “ಕೇಳೋಕೂ ಬರಲ್ವಲ್ರೀ ನಿಮಗೆ! ನನ್ನ ತಮ್ಮ ಭಕ್ತಿಯಿಂದ ತಂದಿದ್ದಾನೆ, ಅವನ ಮನಸ್ಸು ನೋಯಿಸಲ್ಲ ತಾನೇ ಅಂತ ಕೇಳಿ” ಎಂದರು. ಅಧ್ಯಕ್ಷರು ಹಾಗೇ ಕೇಳಿದರು. ಮೂರು ಸಲವೂ ಒಪ್ಪಿಗೆ ಬಿತ್ತು. ಅಜ್ಜ ಯಾರ ಮನಸ್ಸನ್ನೂ ನೋಯಿಸುವವನಲ್ಲ. ಬಿಂಗ್‌ಹುಯ್ ತಲೆ ನೇವರಿಸಿಕೊಂಡ. ಅಧ್ಯಕ್ಷರು ಎದ್ದು, ದೇವರೇ ಆರಿಸಿದ ಸಾರುವೆ, ಇನ್ನು ಮೇಲಕ್ಕೆ ಹತ್ತು ಎಂದು ನನಗೆ ಹೇಳಿದರು.

ನನಗೆ ಸಿಟ್ಟು ಬಂತು. ಇದನ್ನು ಬರೆದುಕೊಳ್ಳಬೇಕು. ಗಾಲಿಗೆ ಬ್ರೇಕ್ ಇಲ್ಲದಿರುವುದು ಮನುಷ್ಯನ ಮೈಗಳ್ಳತನ, ಅದನ್ನು ದೇವರ ತಲೆಗೆ ಕಟ್ಟುವುದು ಎರಡನೇ ಮೈಗಳ್ಳತನ. ಬೀಳುವವರು ಯಾವಾಗಲೂ ನಾವು, ಇಚ್ಛೆ ಯಾವಾಗಲೂ ದೇವರದು. ಜಿನ್‌ಝು ಬಣ್ಣದ ಬಟ್ಟಲನ್ನು ಕೆಳಗಿಟ್ಟಿದ್ದಳು. ನಾನು ಹೋಗಿ ಆ ಮರದ ತುಂಡುಗಳನ್ನು ಎತ್ತಿಕೊಂಡೆ. ನಾನು ಕೇಳಿದ ಮಾತು ಇಷ್ಟೇ: “ಅಜ್ಜಾ, ನಿನಗೆ ಈ ಸಾರುವೆ ಅಷ್ಟು ಇಷ್ಟವಾದರೆ, ನಮಗಿಂತ ಮೊದಲು ನೀನೇ ಹತ್ತಿ ತೋರಿಸ್ತೀಯಾ?”

ಕುಚೋದ್ಯಕ್ಕೆ ಕೇಳಿದ್ದು. ಅಜ್ಜ ನಗುತ್ತಾನೆ, ಜನವೂ ನಗುತ್ತಾರೆ, ಸಾರುವೆ ಕೊಟ್ಟಿಗೆಗೆ ಹೋಗುತ್ತದೆ ಎಂದುಕೊಂಡಿದ್ದೆ. ಮೊದಲ ಸಲ ಒಪ್ಪಿಗೆ ಬಿತ್ತು. ಎರಡನೇ ಸಲ ಒಪ್ಪಿಗೆ ಬಿತ್ತು. ಮೂರನೇ ಸಲ ಒಂದು ತುಂಡು ಬುಗುರಿಯ ಹಾಗೆ ತಿರುಗಿ ತಿರುಗಿ ಅಧ್ಯಕ್ಷರ ಚಪ್ಪಲಿಯ ಹತ್ತಿರ ಬೋರಲು ಬಿತ್ತು, ಇನ್ನೊಂದು ಆಗಲೇ ಅಂಗಾತವಾಗಿತ್ತು. ಪ್ರಶ್ನೆ ಕೇಳಿದವಳು ನಾನು ಎಂದು ಬರೆದುಕೊಳ್ಳಿ. ಕುಮ್ಮಕ್ಕಿನ ಬಗ್ಗೆ ನಾನು ಒಪ್ಪುವ ಅರ್ಧ ಇದೇ. ಉಳಿದರ್ಧ ಅಜ್ಜನದು.

ದೇವರು ತಾನೇ ನಡೆಯುವುದಿಲ್ಲ. ಯಾರಾದರೂ ಎತ್ತಿಕೊಳ್ಳಬೇಕು. ಪೀಠದಿಂದ ಅಜ್ಜನ ವಿಗ್ರಹವನ್ನು ಎತ್ತಿಕೊಳ್ಳುವ ಹಕ್ಕು ಅಧ್ಯಕ್ಷರಿಗೆ ಮಾತ್ರ ಇದೆ. ಆ ಹಕ್ಕಿಗಾಗಿ ಅವರು ಎರಡು ಚುನಾವಣೆ ಗೆದ್ದಿದ್ದಾರೆ. ಎಲ್ಲರೂ ಅವರ ಮುಖ ನೋಡಿದರು. ಅಧ್ಯಕ್ಷರು, ಅಜ್ಜ ನೆಲದ ದೇವರು, ಅವನಿಗೆ ಎತ್ತರದ ಅಭ್ಯಾಸವಿಲ್ಲ ಎಂದರು. ಒಬ್ಬ ಮುದುಕಿ, “ಅಜ್ಜನಿಗೋ ನಿನಗೋ?” ಎಂದಳು. ಅಧ್ಯಕ್ಷರು ತಮಗೆ ರಕ್ತದೊತ್ತಡ ಎಂದರು. ಬಿಂಗ್‌ಹುಯ್, “ಹತ್ತಿ ಭಾವ, ಗಟ್ಟಿ ಇದೆ, ನಾನು ಕೆಳಗೆ ಹಿಡ್ಕೋತೀನಿ” ಎಂದ. ಯಾರೂ ಬಲವಂತ ಮಾಡಲಿಲ್ಲ. ನಾನು, “ಮಾವಾ, ಬೇಡ, ಇದನ್ನು ಯಾರೂ ಹತ್ತಬಾರದು” ಎಂದು ಎರಡು ಸಲ ಹೇಳಿದೆ. “ನೀನು ಗೆಲ್ಲಬೇಕು ಅಂತ ತಾನೇ!” ಎಂದು ಅವರು ನನ್ನನ್ನು ದಬಾಯಿಸಿ, ಅಜ್ಜನನ್ನು ಕೆಂಪು ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಂಡು ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಹತ್ತತೊಡಗಿದರು.

ಏಣಿ ಇರಲಿಲ್ಲ, ಚೌಕಟ್ಟಿನ ಅಡ್ಡಪಟ್ಟಿಗಳ ಮೇಲೆ ಹೊರಗಿನಿಂದ ಹತ್ತಬೇಕಾಗಿತ್ತು. ಪ್ರತಿ ಹೆಜ್ಜೆಗೂ ತಂತಿ ಕಿರುಗುಟ್ಟಿತು. ಮೇಲಿನ ಹಲಗೆ ಮುಟ್ಟಿದಾಗ ಜನ ಚಪ್ಪಾಳೆ ತಟ್ಟಿದರು. ಬಿಂಗ್‌ಹುಯ್ ಕೂಡ ತಟ್ಟಿದ. ತಟ್ಟಲು ಎರಡೂ ಕೈ ಬೇಕು, ಆದ್ದರಿಂದ ಹಿಡಿದಿದ್ದ ಸಾರುವೆಯನ್ನು ಬಿಟ್ಟ. ಮಳೆನೀರು ಹರಿಯಲೆಂದು ನಮ್ಮ ಅಂಗಳ ದೊಡ್ಡ ಊದುಬತ್ತಿ ಕೊಪ್ಪರಿಗೆಯ ಕಡೆಗೆ ಇಳಿಜಾರು. ಸಾರುವೆ ಅಧ್ಯಕ್ಷರನ್ನೂ ದೇವರನ್ನೂ ಹೊತ್ತು ಮೆರವಣಿಗೆಯ ಗತ್ತಿನಲ್ಲಿ ಆ ಕಡೆ ಹೊರಟಿತು. ಕೊಪ್ಪರಿಗೆಗೆ ಗಾಲಿ ತಾಗಿ ನಿಂತಿತು, ಮೇಲಿನ ಅರ್ಧ ನಿಲ್ಲದೆ ವಾಲಿ ಮೊಗಸಾಲೆ ಕಂಬದ ಕಲ್ಲಿನ ಡ್ರ್ಯಾಗನ್ ಕೊಂಬಿಗೆ ಸಿಕ್ಕಿಕೊಂಡಿತು. ಅಧ್ಯಕ್ಷರು ಒಂದು ಕೈಯಲ್ಲಿ ಡ್ರ್ಯಾಗನ್ ಕತ್ತನ್ನೂ ಇನ್ನೊಂದರಲ್ಲಿ ಅಜ್ಜನನ್ನೂ ತಬ್ಬಿ ಹಲಗೆಯ ಮೇಲೆ ಬೋರಲು ಮಲಗಿದ್ದರು. ಆಗ ಅವರು ಮೇಲಿನಿಂದ ಕೂಗಿದ ಮಾತನ್ನು ಕೊನೆಯಲ್ಲಿ ಹೇಳುತ್ತೇನೆ.

ಅಗ್ನಿಶಾಮಕದವರಿಗೆ ಫೋನ್ ಮಾಡಿದೆವು. ಬೇರೆ ಕರೆಯಲ್ಲಿದ್ದೇವೆ, ತಡವಾಗುತ್ತದೆ ಎಂದರು. ನಾನು ಜನರನ್ನು ದೂರ ಸರಿಸಿ, ವಾಲಿದ ಸಾರುವೆಯನ್ನು ಹಗ್ಗದಿಂದ ಕಂಬಕ್ಕೆ ಬಿಗಿದೆ. ಹಗ್ಗದ ಇನ್ನೊಂದು ತುದಿಯನ್ನು ಜಿನ್‌ಝು ಎಡಗೈಗೆ ಸುತ್ತಿಕೊಂಡು ಕಾಲೂರಿ ಕೂತಳು. ಆಮೇಲೆ ಸಂಘದ ಸಾರುವೆಯನ್ನು ಲಾರಿಯಿಂದ ಇಳಿಸಿ, ಲಾರಿ ಚಾಲಕನ ನೆರವಿನಿಂದ ಪಕ್ಕದಲ್ಲಿ ಜೋಡಿಸಿದೆ. ಎರಡನೇ ದೂರು ಇದರ ಬಗ್ಗೆ. ಜೋಡಿಸಲು ನಲವತ್ತು ನಿಮಿಷ ಹಿಡಿಯಿತು. ಇಳಿಜಾರಿಗೆ ತಕ್ಕಂತೆ ಕಾಲುಗಳನ್ನು ಏರಿಸಿ ಇಳಿಸಿ ಮಟ್ಟ ನೋಡಿದೆ. ನಾಲ್ಕೂ ಆಧಾರದ ಕಾಲು ಚಾಚಿ ಗಾಲಿಗಳಿಗೆ ಬ್ರೇಕ್ ಹಾಕಿದೆ. ಪ್ರತಿ ಹಂತದಲ್ಲೂ ಕೆಳಗಿನಿಂದಲೇ ಕಂಬಿ ಕೂರಿಸಿ ಆಮೇಲೆ ಮೇಲೆ ಹೋದೆ. ಅಧ್ಯಕ್ಷರು ಮೇಲಿನಿಂದ, “ಕಂಬಿ ಗಿಂಬಿ ಆಮೇಲೆ ಹಾಕ್ಕೊಳ್ಳೇ, ಮೊದಲು ಬಾರೇ!” ಎಂದರು. “ಅವಸರ ಮಾಡಿದ್ರೆ ಇದೂ ನಿಮ್ಮ ಬಾಮೈದನ ಸಾರುವೆ ಆಗುತ್ತೆ ಮಾವಾ” ಎಂದೆ. ಯೂಲಾನ್ ಅವರು ಕೆಳಗಿನಿಂದ, “ಅಜ್ಜನನ್ನ ಭದ್ರವಾಗಿ ಹಿಡ್ಕೊಳ್ರೀ, ಇನ್ನೂರು ವರ್ಷದ್ದು!” ಎಂದು ಕೂಗಿದರು. ಗಂಡನ ವಯಸ್ಸನ್ನು ಹೇಳಲಿಲ್ಲ.

ನಾನು ಹತ್ತಿ ಮೊದಲು ಅಜ್ಜನನ್ನು, ಆಮೇಲೆ ಅಧ್ಯಕ್ಷರನ್ನು ಈಚೆ ಎಳೆದುಕೊಂಡೆ. ಅಜ್ಜನ ಮುಖದಲ್ಲಿ ಎಂದಿನ ನಗುವೇ ಇತ್ತು. ಅಧ್ಯಕ್ಷರು ಕಂಬಿ ಹಿಡಿದುಕೊಂಡರು. ಅದನ್ನು ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಲಿಲ್ಲ. ಹಲಗೆಯ ಬಾಗಿಲಿನಿಂದ ಒಳಗಿನ ಏಣಿ ಇಳಿದು ನೆಲ ಮುಟ್ಟಿ ಹೆಂಡತಿಗೆ ಹೇಳಿದ ಮೊದಲ ಮಾತು, “ನಮ್ಮನೆ ಮಹಡಿ ಮೆಟ್ಟಿಲಿಗೂ ಇಂಥದೇ ಕಂಬಿ ಹಾಕಿಸ್ಬೇಕು ಕಣೇ” ಎಂಬುದು. ಎರಡನೇ ಮಾತು, ಪೊಲೀಸರಿಗೆ ಹೋಗುತ್ತೇನೆ ಎಂಬುದು. ದೂರು ಕೊಡಲೋ ಬೇಡವೋ ಎಂದು ಅಜ್ಜನನ್ನು ಅವರು ಕೇಳಲಿಲ್ಲ. ಇವತ್ತಿಗೆ ಸಾಕಾಗಿರಬೇಕು.

ಇನ್ನು ಅವರು ಮೇಲಿನಿಂದ ಕೂಗಿದ ಮಾತು. ಡ್ರ್ಯಾಗನ್ ಕತ್ತು ತಬ್ಬಿಕೊಂಡು ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿದರು: “ಯಾವನೋ ಇದನ್ನ ತಂದೋನು? ಇದರ ಮೇಲೆ ಮನುಷ್ಯರನ್ನ ಹತ್ತಿಸ್ತಾರೇನೋ!”

ಅಧ್ಯಕ್ಷರು ದೂರನ್ನು ಹಿಂದಕ್ಕೆ ಪಡೆಯಲಿದ್ದಾರೆ ಎಂದು ಅಧಿಕಾರಿಯವರು ಈಗ ತಿಳಿಸಿದರು. ದಯವಿಟ್ಟು ಪಡೆಯಗೊಡಬೇಡಿ. ಈ ಮಾತು ಠಾಣೆಯ ಮೊಹರಿನ ಕೆಳಗೆ ಇರಬೇಕು. ನೆಲದ ಮೇಲೆ ನಿಂತು ನಾವು ಇದನ್ನೇ ಎಷ್ಟೋ ಗುಡಿಗಳಲ್ಲಿ, ಎಷ್ಟೋ ವರ್ಷ ಹೇಳಿದ್ದೇವೆ. ಜಿನ್‌ಝು ಬೀಳುವ ಹಿಂದಿನ ದಿನ ಹೇಳಿದ್ದಳು. ಯಾರೂ ಬರೆದುಕೊಳ್ಳಲಿಲ್ಲ. ಅಧ್ಯಕ್ಷರು ಮೇಲೆ ಹತ್ತಿ ಒಂದೇ ಸಲ ಹೇಳಿದ್ದಕ್ಕೆ ಇಲ್ಲಿ ಬರವಣಿಗೆಗೆ ಬಂದಿದೆ. ನಾಳೆ ಬೆಳಿಗ್ಗೆ ಸಂಘದ ಸಾರುವೆಯ ಮೇಲೆ ಕೆಲಸ ಶುರು ಮಾಡುತ್ತೇನೆ. ಹತ್ತುವಾಗ ನೋಡುತ್ತೇನೆ ಎಂದು ಜಿನ್‌ಝು ಹೇಳಿದ್ದಾಳೆ. ತಲೆ ಎತ್ತಿ.

ಇಲ್ಲಿ ಬರೆಸಿದ್ದು ನಾನು ಕಂಡದ್ದು, ಮಾಡಿದ್ದು, ನನ್ನ ಕಿವಿಗೆ ಬಿದ್ದದ್ದು. ನನಗೆ ಓದಿ ಹೇಳಿದರು, ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಬೇಕಾದರೆ ಅಜ್ಜನನ್ನೂ ಕರೆಸಿ ಕೇಳಬಹುದು.

ಸ್ಥಳ: ಶಿನ್‌ವೇ ಹೊರಠಾಣೆ
ದಿನಾಂಕ: ಏಪ್ರಿಲ್ 16

ಸಹಿ: ಕೆ ಬಿಯುನ್
ಸಾಕ್ಷಿ: ಶಿಯಾವ್ ಜಿನ್‌ಝು (ಎಡಗೈಯ ಸಹಿ)