ನಾಚಿಮುತ್ತುವಿನ ಕಡತ

ಸ್ವಲ್ಪ ಹತ್ತಿರ ಬನ್ನಿ, ಇದು ಗಟ್ಟಿಯಾಗಿ ಹೇಳೋದಲ್ಲ... ನಮ್ಮ ಕೊಯಮತ್ತೂರಿನಲ್ಲಿ, ಪಕ್ಕದ ಮನೆಯ ಸೆಂಗೋಡನಿಗೆ ಆದದ್ದು.

ಅವನು ಕಾರ್ಖಾನೆಯಿಂದ ತಡವಾಗಿ ಮನೆಗೆ ಹೊರಟಿದ್ದ. ಮುಚ್ಚಿಹೋದ ನೂಲಿನ ಗಿರಣಿಯ ಬಾವಿ ದಾಟುವಾಗ ಒಳಗಿಂದ ಸದ್ದು. ಧಡ್... ಆಮೇಲೆ ಹಿಸ್ಸ್. ತಗಡು ಒತ್ತುವ ಪ್ರೆಸ್ ಇಳಿದು ಏಳುವ ಸದ್ದು. ಪಾಳುಬಾವಿಯಲ್ಲಿ ಪ್ರೆಸ್ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಫೋನು ಬಂತು. ಜೊತೆ ಕೆಲಸದ ವಳರ್ಮತಿ.

"ಸೆಂಗೋಡಾ, ಕರೆಂಟ್ ಹೋಗಿ ಸರ್ವರ್ ಬಿತ್ತು ಕಣೋ. ರೆಪೋ ಒಡೆದಿದೆ. ಓಡಿ ಬಾ."

ರೆಪೋ ಅಂದರೆ ಪ್ರೆಸ್ ನಡೆಸುವ ಕೋಡನ್ನೆಲ್ಲ, ಹಳೆಯ ರೂಪಗಳ ಸಮೇತ, ಕೂಡಿಟ್ಟ ಉಗ್ರಾಣ. ಕೈ ಒಳಗಿದ್ದರೆ ಪ್ರೆಸ್ ಇಳಿಯದಂತೆ ತಡೆಯುವ ಕೋಡನ್ನು ಇವರ ಜೊತೆ ಕೆಲಸಕ್ಕಿದ್ದ ನಾಚಿಮುತ್ತು ಬರೆದು ಅದಕ್ಕೆ ಸೇರಿಸಿದ್ದ. ಮರುದಿನವೇ, ಇನ್ನೂ ಹಳೆಯ ಕೋಡಿನಲ್ಲೇ ನಡೆಯುತ್ತಿದ್ದ ಪ್ರೆಸ್ ಅವನ ಎರಡೂ ಕೈ, ತಲೆ ಜಜ್ಜಿಹಾಕಿತು. ಆಮೇಲೆ ಆ ಕಡತ ಮುಟ್ಟಲು ಎಲ್ಲರಿಗೂ ಅಂಜಿಕೆ. ಹಾಗಾಗಿ ಯಾರ ಕಂಪ್ಯೂಟರಿನಲ್ಲೂ ಅದರ ಪ್ರತಿ ಇರಲಿಲ್ಲ. ಬೆಳಗಾದರೆ ಅದನ್ನೇ ಪ್ರೆಸ್ಸಿಗೆ ತುಂಬಬೇಕು, ಹೆಂಗಸರು ಕೆಲಸಕ್ಕೆ ಕೂರುತ್ತಾರೆ.

ಸೆಂಗೋಡನ್ ಕಾರ್ಖಾನೆಗೆ ವಾಪಸ್ ಓಡಿ, ಲ್ಯಾಪ್‌ಟಾಪ್ ತೆರೆದು ರೆಪೋ ಪರೀಕ್ಷಿಸಿದ. ಪರದೆ ತುಂಬ ಕೊಂಡಿ ಕಳಚಿದ ಕೋಡಿನ ತುಂಡುಗಳು, ಎಲ್ಲ ನಾಚಿಮುತ್ತುವಿನವು. ತಡೆಯುವ ಕೋಡಿನ ಕಡತ ಮಾತ್ರ ಪೂರ್ತಿ ಖಾಲಿ.

"ಈ ಕಸ ಅಳಿಸಿಬಿಡ್ತೀನಿ, ಆಮೇಲೆ ನೋಡೋಣ."

"ಮೊದಲು ಇದ್ದದ್ದು ಇದ್ದ ಹಾಗೇ ನಕಲು ತೆಗಿ," ವಳರ್ಮತಿ ಪಿಸುಗುಟ್ಟಿದಳು. "ನಕಲಿಲ್ಲದೆ ಒಡೆದ ರೆಪೋ ಮುಟ್ಟಿದ್ರೆ ನಾಚಿ ಕೊಂದೇಬಿಡ್ತಿದ್ದ."

"ಸತ್ತೋನು ಏನ್ ಕೊಲ್ತಾನೆ, ಹೋಗೆ!"

ಅಳಿಸುವ ಆಜ್ಞೆ ಬರೆದ. ಬೆರಳು ಗುಂಡಿಯ ಮೇಲಿತ್ತು...

ಧಡ್! ಲ್ಯಾಪ್‌ಟಾಪಿನ ಮುಚ್ಚಳ ಬೆರಳ ಮೇಲೆ ಬಿತ್ತು. ಲಟಲಟ ಅಂತು ಮೂಳೆ. ಎಳೆದರೂ ಬರಲಿಲ್ಲ. ಮೇಲಿಂದ ಯಾರೋ ಮೈಭಾರ ಹಾಕಿ ಒತ್ತುತ್ತಿದ್ದರು. ಹಿಸ್ಸ್... ಎದ್ದಿತು. ಧಡ್! ಮತ್ತೆ ಬಿತ್ತು. ರಕ್ತ ಗುಂಡಿಗಳ ಸಂದಿಗೆ ಇಳಿಯಿತು. ಏನೋ ಅವನ ಕೂದಲು ಹಿಡಿದು ಹಣೆಯನ್ನು ಮೇಜಿಗೆ ಚಚ್ಚಿತು. ಒಂದು ಹಲ್ಲು ಟಣ್ ಅಂತ ನೆಲಕ್ಕೆ ಬಿತ್ತು.

"ನಾನು ನಕಲು ತೆಗೀತೀನಿ ಕಣೋ ನಾಚಿ! ಅವನ್ನ ಬಿಡೋ!"

ಬಿಟ್ಟಿತು.

ವಳರ್ಮತಿ ಪೂರ್ತಿ ನಕಲು ತೆಗೆದಳು. ಬೀರುವಿನಲ್ಲಿದ್ದ ನಾಚಿಮುತ್ತುವಿನ ಹಳೆಯ ಕಂಪ್ಯೂಟರ್ ತಂದು ಚಾಲೂ ಮಾಡಿದಳು. ಆ ಕಡತ ಅಲ್ಲಿ ಪೂರ್ತಿಯಾಗಿ, ಸರಿಯಾಗಿಯೇ ಇತ್ತು. ತಂದು ಸೇರಿಸಿ, ಕೊಂಡಿ ಕೂಡಿಸಿ, ಮತ್ತೆ ಪರೀಕ್ಷಿಸಿದಳು. ಒಂದೂ ತಪ್ಪಿರಲಿಲ್ಲ.

ಬೆಳಗ್ಗೆ ಆ ಕೋಡು ತುಂಬಿದ ಪ್ರೆಸ್ಸಿನ ಮುಂದೆ ಕೂತ ಪೊನ್ನಾತ್ತಾಳ ಕೈ ಜಾರಿ ಒಳಹೋಯಿತು. ಇಳಿಯುತ್ತಿದ್ದ ಪ್ರೆಸ್ ಅರ್ಧದಲ್ಲೇ ನಿಂತಿತು. ಅವಳು ತನ್ನ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡು ಅತ್ತಳಂತೆ.

ಆ ಕಂಪ್ಯೂಟರನ್ನು ನಾಚಿಮುತ್ತುವಿನ ಅಮ್ಮನಿಗೆ ಕೊಡೋಣ, ಅದಕ್ಕೆ ಮೊದಲು ಕಡತಗಳೆಲ್ಲ ಕೂತಿರುವ ಡಿಸ್ಕ್ ತೆಗೆದಿಟ್ಟುಕೊಳ್ಳೋಣ ಅಂತ ಸಂಜೆ ತಿರುಪು ಬಿಚ್ಚಿದರು. ಡಿಸ್ಕೇ ಇರಲಿಲ್ಲ. ಅವನು ಸತ್ತ ದಿನವೇ ಪೊಲೀಸರು ಕಳಚಿ ಒಯ್ದಿದ್ದರು, ಇವತ್ತಿಗೂ ಅವರ ಹತ್ತಿರವೇ ಇದೆ. ಕಟ್ಟುಕತೆ ಅಲ್ಲ... ಆ ಖಾಲಿ ಜಾಗದಲ್ಲಿ ನಾನೇ ಬೆರಳಿಟ್ಟು ನೋಡಿದ್ದೇನೆ.